ಗುಂಡಿ, ಅರಳೆ, ಇಸ್ತ್ರಿಪೆಟ್ಟಿಗೆ

ಅವಳು ಮದುವೆಗೆ ಒಪ್ಪಿದ್ದಳು. ಅವಳ ಮೊಲ ಇನ್ನೂ ಒಪ್ಪಿರಲಿಲ್ಲ. ಟೈಲರನಿಗೆ ಬೆಳಿಗ್ಗೆ ಎದ್ದಾಗಿನಿಂದ ಮೈ ಉರಿಯುತ್ತಿದ್ದುದು ಇದಕ್ಕೇ.

ನಲವತ್ತು ದಾಟಿ, ತಲೆಯ ನಡುವೆ ಬಯಲು ಬಿದ್ದ ಮೇಲೆ ಅಂತೂ ಒಬ್ಬಳು ಹೂಂ ಅಂದಿದ್ದಳು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ ಕನ್ನಡಕ ಮಾಡಿಸಲು ಹೋದವನು ಅಂಗಡಿಯವಳನ್ನೇ ನೋಡುತ್ತ ಕೂತಿದ್ದ. ಆಮೇಲೆ ಕನ್ನಡಕ ಸಡಿಲವಾಯಿತು ಎಂದು ಒಮ್ಮೆ, ಬಿಗಿಯಾಯಿತು ಎಂದು ಇನ್ನೊಮ್ಮೆ, ಗಾಜು ಒರೆಸುವ ಬಟ್ಟೆ ಕಳೆದುಹೋಯಿತು ಎಂದು ಮತ್ತೊಮ್ಮೆ ಹೋದ. ಟೈಲರ್ ಅಂಗಡಿಯಲ್ಲಿ ಬಟ್ಟೆಗೆ ಬರವೇ? ಅವಳೆದುರು ಅವನ ದನಿ ರೇಷ್ಮೆಯ ಹಾಗೆ ಜಾರುತ್ತಿತ್ತು. ಕೊನೆಗೆ ಅವನ ಅಕ್ಕ ಹೋಗಿ ಮಾತಾಡಿದಳು. ಕನ್ನಡಕದಂಗಡಿಯವಳು ಸ್ವಲ್ಪ ಯೋಚಿಸಿ, "ಆಗ್ಲಿ" ಅಂದಳು. ಅಕ್ಕ ಮೆಟ್ಟಿಲಿಳಿಯುವ ಮೊದಲೇ ಹಿಂದಿನಿಂದ ಕರೆದು, "ಆದ್ರೆ ನಿಮ್ಮ ತಮ್ಮನ ಮನೇಲಿ ಬೆಕ್ಕಿದೆಯಂತಲ್ಲ? ನನ್ನ ಹತ್ರ ಮೊಲ ಇದೆ" ಅಂದಳು.

ಒಲೆಯ ಮುಂದೆ ನಿಂತೇ ಊಟ ಮುಗಿಸುವ ಬದುಕು ಅವನಿಗೆ ಸಾಕಾಗಿತ್ತು. ಎದುರು ಕೂತು ಇನ್ನೊಬ್ಬರು ಉಣ್ಣುವ ಸದ್ದು ಕೇಳಬೇಕು, ಉಪ್ಪು ಹೆಚ್ಚಾಯಿತು ಎಂದು ಯಾರಾದರೂ ಹೇಳಬೇಕು, ಅಷ್ಟೇ ಅವನ ಆಸೆ. ಅದಕ್ಕೊಂದು ಮೊಲ ಅಡ್ಡ ಕೂರುವುದೆಂದರೆ ಪಿತ್ತ ನೆತ್ತಿಗೇರದೆ ಇನ್ನೇನಾದೀತು? ಹಾಗೆ ನೋಡಿದರೆ ಪಿತ್ತ ನೆತ್ತಿಗೇರಲು ಅವನಿಗೆ ಮೊಲವೇ ಬೇಕೆಂದಿರಲಿಲ್ಲ. ಬೀದಿಯವರು ಬೆನ್ನ ಹಿಂದೆ ಅವನನ್ನು ಇಸ್ತ್ರಿಪೆಟ್ಟಿಗೆ ಎಂದೇ ಕರೆಯುತ್ತಿದ್ದರು. ಹಚ್ಚಿದ ಕೂಡಲೇ ಕಾಯುವುದು, ಆರಿಸಿದ ಮೇಲೂ ಬಹಳ ಹೊತ್ತು ಆರದಿರುವುದು.

ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಬುಟ್ಟಿಯೊಂದಿಗೆ ಬಂದಳು. ಜೊತೆಗೆ ಅಕ್ಕ. ಬುಟ್ಟಿಯೊಳಗೆ ಬೆಳ್ಳಗಿನ ಮೊಲ, ಹೆಸರು ಅರಳೆ. ಕಪಾಟಿನ ಮೇಲೆ ಕಂದು ಬಣ್ಣದ ಬೆಕ್ಕು, ಹೆಸರು ಗುಂಡಿ. ಮರಿಯಾಗಿದ್ದಾಗ ಕೋಟಿನ ಗುಂಡಿಯೊಂದನ್ನು ನುಂಗಿ ಮಾರನೆಯ ದಿನ ಸುರಕ್ಷಿತವಾಗಿ ಹಿಂದಿರುಗಿಸಿದ ಕೀರ್ತಿ ಅದರದು.

"ನೋಡಿ, ಇವತ್ತು ಬರೀ ವಾಸನೆ ಪರಿಚಯ," ಅಂದಳು ಅವಳು. "ಒಂದು ಬಟ್ಟೆ ತಗೊಂಡು ಬೆಕ್ಕಿನ ಕೆನ್ನೆಗೆ ಉಜ್ಜಿ ಮೊಲದ ಹತ್ರ ಇಡಿ. ಬುಟ್ಟೀಲಿರೋ ಮೊಲದ ಬಟ್ಟೆ ಬೆಕ್ಕಿನ ಹತ್ರ ಇಡಿ. ಮಧ್ಯೆ ಜಾಲರಿ ಇರ್ಲೇಬೇಕು. ಉಗುರಿರೋರು ಆಚೆ ಕಡೆ. ಜಾಲರಿಯಿಂದ ನೋಡ್ಕೊಂಡು ಸುಮ್ನಿದ್ರೆ ಆಗಿಂದಾಗ್ಲೇ ತಿನ್ನಕ್ಕೆ ಏನಾದ್ರೂ ಕೊಡಿ. ಸುಮ್ನಿದ್ರೆ ಮಾತ್ರ. ಗಲಾಟೆ ಮಾತ್ರ ಬೇಡ, ಮೊಲದ ಎದೆ ಬಹಳ ಪುಕ್ಕಲು."

"ಅಯ್ಯೋ, ನಮ್ಮನೇಲಿ ಗಲಾಟೆನಾ? ಇಲ್ಲಿ ಸೂಜಿ ಬಿದ್ರೂ ಕೇಳ್ಸತ್ತೆ," ಅಂದ ಟೈಲರ್, ರೇಷ್ಮೆ ದನಿಯಲ್ಲಿ.

ಅಕ್ಕ ಗೋಡೆಯ ಕಡೆ ನೋಡಿದಳು.

"ಎಷ್ಟು ದಿನ ಬೇಕಾಗ್ಬೋದು?" ಎಂದು ಟೈಲರನೇ ಕೇಳಿದ.

"ವಾರನೋ ತಿಂಗಳೋ. ಅವಸರ ಮಾಡಿದ್ರೆ ಕೆಟ್ಟಿತು. ಹೊಂದ್ಕೊಂಡ್ರೆ ಬರ್ತೀನಿ. ಹೊಂದ್ಕೊಳ್ಳಿಲ್ಲ ಅಂದ್ರೆ, ಇದನ್ನ ಬೀದಿಗೆ ಬಿಟ್ಟು ಬರಕ್ಕಂತೂ ನನ್ನ ಕೈಲಿ ಆಗಲ್ಲ. ಸಂಜೆ ಕೆಲಸ ಮುಗಿಸ್ಕೊಂಡು ಬಂದು ನೋಡ್ತೀನಿ."

ಜಾಲರಿಯನ್ನು ಅವನು ಹಿಂದಿನ ದಿನವೇ ಸಿದ್ಧಮಾಡಿದ್ದ. ಬೇರೆ ಯಾರಾದರೂ ಬಡಗಿಯನ್ನು ಕರೆಸಿ ಬಾಗಿಲು ಮಾಡಿಸುತ್ತಿದ್ದರು. ಇವನು ಟೈಲರ್, ಬಾಗಿಲನ್ನು ಹೊಲಿದ. ಅಂಗಡಿಗೂ ಒಳಗಿನ ಕತ್ತರಿಸುವ ಕೋಣೆಗೂ ನಡುವೆ ದಪ್ಪ ನೈಲಾನ್ ಜಾಲರಿಯನ್ನು ಎರಡೆರಡು ಹೊಲಿಗೆ ಹಾಕಿ ಚೌಕಟ್ಟಿಗೆ ಬಿಗಿದು ಮೊಳೆ ಹೊಡೆದಿದ್ದ. ನಡುವೆ, ಹಳೆಯ ಹಾಸಿಗೆ ಚೀಲದಿಂದ ಬಿಚ್ಚಿದ ಉದ್ದನೆಯ ಜಿಪ್ಪು. ಸರ್ರೆಂದು ತೆಗೆಯಬಹುದು, ಸರ್ರೆಂದು ಮುಚ್ಚಬಹುದು. ಅವಳು ಅದನ್ನು ಎರಡು ಸಲ ಎಳೆದು ನೋಡಿ, "ಚೆನ್ನಾಗಿದೆ" ಅಂದಳು. ಆ ಒಂದು ಮಾತಿಗೆ ಅವನ ಎದೆ ಇಡೀ ಕೋಟಿನ ಅಳತೆ ಬದಲಾಗುವಷ್ಟು ಉಬ್ಬಿತು.

ಮೊಲವನ್ನು ಒಳಗಿನ ಕೋಣೆಯಲ್ಲಿ ಬಿಟ್ಟು ಅವಳು ಹೋದಳು. ಅಕ್ಕ ಬಾಗಿಲಲ್ಲಿ ನಿಂತು, "ಲೋ, ಇವತ್ತೊಂದು ದಿನ ತಾಳ್ಮೆ ಇಟ್ಕೊ" ಅಂದಳು.

"ನಂಗ್ಯಾಕೆ ಹೇಳ್ತೀಯ? ಹೇಳೋದಿದ್ರೆ ಬೆಕ್ಕಿಗೆ ಹೇಳು!" ಎಂದು ಟೈಲರ್ ಗುಡುಗಿದ. ಕಪಾಟಿನ ಮೇಲೆ ಬೆಕ್ಕಿನ ಕಿವಿ ಮಡಚಿಕೊಂಡಿತು.

ಇಷ್ಟಕ್ಕೇ ಬಿಟ್ಟಿದ್ದರೆ ಆ ದಿನ ಹೇಗೋ ಕಳೆಯುತ್ತಿತ್ತು. ಆದರೆ ಲೋಕದಲ್ಲಿ ಬಿಟ್ಟಿ ಸಲಹೆ ಕೊಡುವವರಿಗೆ ಎಂದಾದರೂ ರಜೆ ಉಂಟೇ? ಒಬ್ಬನ ಮನೆಯಲ್ಲಿ ಹಾಲು ಉಕ್ಕಿದರೆ ಒರೆಸಲು ಬಾರದವರು, ಉಕ್ಕದಂತೆ ಕಾಯಿಸುವುದು ಹೇಗೆಂದು ಹೇಳಲು ಓಡಿ ಬರುತ್ತಾರೆ. ಮೊದಲು ಬಂದವರು ಮೇಲಿನ ಮನೆಯ ನಿವೃತ್ತ ಮೇಷ್ಟ್ರು. ಒಂದು ಕೈಯಲ್ಲಿ ಚಹದ ಲೋಟ, ಅಂಗಿಯ ಜೇಬಿನಲ್ಲಿ ಬಿಸ್ಕತ್ತು. ಆ ಜೇಬಿನಲ್ಲಿ ಬಿಸ್ಕತ್ತಿಲ್ಲದ ದಿನವನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

"ಇದು ಆಗೋ ಮಾತಲ್ಲ ಕಣಯ್ಯಾ," ಎಂದು ಮೇಷ್ಟ್ರು ಗಿರಾಕಿಗಳ ಸ್ಟೂಲಿನ ಮೇಲೆ ಭದ್ರವಾಗಿ ಕೂತರು. "ಬೆಕ್ಕು ಬೇಟೆಗಾರ ಪ್ರಾಣಿ. ಮೊಲ ಬೇಟೆ. ಪ್ರಕೃತಿ ನಿಯಮನ ಜಿಪ್ಪು ಹಾಕಿ ತಡೀತೀಯಾ?"

"ಸಾರ್, ಸುಮ್ನಿದ್ದಾಗ ಆಗಿಂದಾಗ್ಲೇ ತಿನ್ನಕ್ಕೆ ಕೊಟ್ರೆ ಇವೆರಡೂ ನಿಧಾನವಾಗಿ ಹೊಂದ್ಕೋತವಂತೆ. ಅವರು ಹೇಳಿದಾರೆ."

"ಅವರು ಕನ್ನಡಕ ಮಾರೋರು. ನಾನು ಪಾಠ ಮಾಡಿದೋನು. ನೋಡ್ತಾ ಇರು, ಮಧ್ಯಾಹ್ನದೊಳಗೆ ಕಿವಿ ಒಂದೇ ಉಳಿಯತ್ತೆ."

"ಏನ್ರೀ ಹಾಗಂದ್ರೆ? ಕಿವಿ ಯಾಕೆ ಉಳಿಯತ್ತೆ? ಪೂರ್ತಿ ಮೊಲ ಉಳಿಯತ್ತೆ!" ಟೈಲರ್ ಮೇಜಿಗೆ ಗುದ್ದಿದ. ಕತ್ತರಿ ಎಗರಿ ಬಿತ್ತು. ಬೆಕ್ಕು ಕಪಾಟಿನಿಂದ ನೆಗೆದು ದಾರದ ಉಂಡೆಗಳ ಹಲಗೆಯನ್ನೇ ಉರುಳಿಸಿತು. ಬಣ್ಣಬಣ್ಣದ ಉಂಡೆಗಳು ನೆಲದ ಮೇಲೆಲ್ಲ ಓಡಿದವು. ಒಳಗೆ ಮೊಲ ಹಿಂಗಾಲಿನಿಂದ ನೆಲಕ್ಕೆ ಧಪ್ಪೆಂದು ಬಡಿಯಿತು.

"ನೋಡಿದ್ಯಾ!" ಎಂದರು ಮೇಷ್ಟ್ರು ಗೆಲುವಿನಿಂದ. "ಬೆಕ್ಕು ಹೊಂಚು ಹಾಕ್ತಿದೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದಕ್ಕೆ ಮೇಷ್ಟ್ರಿಗಿಂತ ಒಳ್ಳೆಯ ಉದಾಹರಣೆ ಇರಲಿಲ್ಲ. ಎದುರಿಗಿದ್ದ ಮೊಲಕ್ಕೆ ನಾಲ್ಕೂ ಕಾಲು ಕಾಣುತ್ತಿದ್ದರೂ ಅವರು ಜಗ್ಗುವವರಲ್ಲ. ಟೈಲರ್ ಹಲ್ಲು ಕಡಿಯುತ್ತ ದಾರದ ಉಂಡೆಗಳನ್ನು ಆರಿಸಿದ. ಬೆಕ್ಕು ಮೆಲ್ಲಗೆ ಜಾಲರಿಯ ಬಳಿ ಹೋಗಿ ಕೂತಿತು. ಮೊಲವೂ ಈಚೆಗೆ ಬಂದು ಮೂಗು ಅಲ್ಲಾಡಿಸಿತು. ಎರಡೂ ಒಂದನ್ನೊಂದು ನೋಡುತ್ತ ತಣ್ಣಗೆ ಕೂತವು. ತಿನ್ನಲು ಕೊಡಬೇಕಾದ ಹೊತ್ತು ಅದೇ. ಆದರೆ ಆಗ ಟೈಲರ್ ಮೇಷ್ಟ್ರ ಜೊತೆ ಜಗಳವಾಡುತ್ತಿದ್ದ.

ಕೂಗು ಕೇಳಿ ಪಕ್ಕದ ಕ್ಷೌರದಂಗಡಿಯವನು ಬಂದ. ಗಿರಾಕಿ ಇಲ್ಲದ ದಿನ ಅವನಿಗೆ ಕೈ ಕಡಿಯುತ್ತಿತ್ತು.

"ಅಣ್ಣಾ, ಉಗುರು ಕತ್ತರಿಸಿಬಿಟ್ರೆ ಮುಗೀತಲ್ಲ. ಉಗುರಿಲ್ಲದ ಬೆಕ್ಕು ಒಂದು ದಿಂಬಿದ್ದ ಹಾಗೆ."

"ನಿಂಗೆ ಬರತ್ತಾ?"

"ಏನಣ್ಣಾ ಹಿಂಗಂತೀಯ? ಈ ಬೀದೀಲಿ ಎಂತೆಂಥಾ ತಲೆ ನೋಡಿದೀನಿ!"

ತಲೆಗೂ ಉಗುರಿಗೂ ಏನು ಸಂಬಂಧವೆಂದು ಕೇಳುವಷ್ಟು ವ್ಯವಧಾನ ಟೈಲರನಿಗಿರಲಿಲ್ಲ. ಕ್ಷೌರದವನು ಬೆಕ್ಕನ್ನು ಬಿಳಿ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಅಭ್ಯಾಸಬಲದಿಂದ, "ಸ್ವಲ್ಪ ತಲೆ ಬಗ್ಗಿಸಿ" ಎಂದೂ ಹೇಳಿದ. ಸೋಜಿಗವೆಂದರೆ ಬೆಕ್ಕು ಬಗ್ಗಿಸಿತು. ಒಂದು ಉಗುರಿನ ತುದಿ ಟಕ್ಕೆಂದು ಹೋಯಿತು. ಬೆಕ್ಕು ಮಿಸುಕಲಿಲ್ಲ. ಕ್ಷೌರದವನ ಕೈ ನಿಜಕ್ಕೂ ಒಳ್ಳೆಯದಿತ್ತು.

"ಹುಷಾರೋ! ಜಾಸ್ತಿ ಕತ್ತರಿಸಿದ್ರೆ ರಕ್ತ ಬರತ್ತೆ!" ಎಂದು ಟೈಲರ್ ಬೆಕ್ಕಿನ ಕಿವಿಯ ಹತ್ತಿರವೇ ಅಬ್ಬರಿಸಿದ.

ರಕ್ತ ಬಂತು. ಟೈಲರನ ಮೂಗಿನಿಂದ. ಬೆಕ್ಕು ಟವೆಲನ್ನು ಕೊರಳಿಗೆ ಸುತ್ತಿಕೊಂಡೇ ಹೊಲಿಗೆಯಂತ್ರದ ಕೆಳಗೆ ಓಡಿತು.

"ಕೋಪ ಮೂಗಿನ ತುದೀಲಿರತ್ತೆ ಅಂತಾರೆ," ಎಂದರು ಮೇಷ್ಟ್ರು ಚಹ ಹೀರುತ್ತ. "ಬೆಕ್ಕು ಸರಿಯಾದ ಜಾಗಕ್ಕೇ ಕೈ ಹಾಕಿದೆ."

ಟೈಲರ್ ಕೊಟ್ಟ ಉತ್ತರವನ್ನು ಬರೆಯುವ ಹಾಗಿಲ್ಲ. ಮೇಷ್ಟ್ರು ಮಾಡಿದ ಪಾಠ, ಕ್ಷೌರದವನ ಕತ್ತರಿ, ಅವರಿಬ್ಬರ ಹಿಂದಿನ ತಲೆಮಾರುಗಳು ಎಲ್ಲವೂ ಅದರಲ್ಲಿ ಬಂದವು. ಅಷ್ಟರಲ್ಲಿ ವಾಸನೆಯ ಬಟ್ಟೆಯ ವಿಷಯ ನೆನಪಾಯಿತು. ಬೈಗುಳವನ್ನು ನಡುವೆ ನಿಲ್ಲಿಸುವ ಮನಸ್ಸಾಗದೆ, ಮುಖ ಅವರ ಕಡೆಗಿಟ್ಟುಕೊಂಡೇ, ಮೇಜಿನ ಮೇಲೆ ಕೈಗೆ ಸಿಕ್ಕಿದ ಬೂದು ಬಟ್ಟೆಯನ್ನು ಎಳೆದುಕೊಂಡ. ಬಗ್ಗಿ ಯಂತ್ರದ ಕೆಳಗಿದ್ದ ಬೆಕ್ಕಿನ ಕೆನ್ನೆಗೆ ಉಜ್ಜಿದ. ಜಿಪ್ಪನ್ನು ಒಂದು ಗೇಣು ತೆಗೆದು ಬಟ್ಟೆಯನ್ನು ಒಳಗೆ ತುರುಕಿ ಮುಚ್ಚಿದ. ಮೊಲ ಮೂಸಿ ನೋಡಿ ಅದರ ಮೇಲೆಯೇ ಕೂತಿತು.

ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತಂದಳು. ತಮ್ಮನ ಮೂಗಿನ ಮೇಲೆ ಅಂಟುಪಟ್ಟಿ ಹಚ್ಚಿ, ಅವನ ಕೂಗಾಟವನ್ನು ಕೇಳಿ, ಡಬ್ಬಿ ಇಟ್ಟು ಮೂಲೆಯಲ್ಲಿ ಕೂತಳು. ಮೇಷ್ಟ್ರು ಹೋಗಿ ಊಟ ಮಾಡಿ ಬಂದರು. ಕ್ಷೌರದವನು ಒಂದು ಗಡ್ಡ ಮುಗಿಸಿ ಬಂದ. ಟೈಲರನ ಊಟ ಡಬ್ಬಿಯಲ್ಲೇ ಆರಿತು.

ಬಿಸಿಲು ಇಳಿಯುವ ಹೊತ್ತಿಗೆ ಹೆಡ್ ಕ್ಲರ್ಕ್ ಬಂದರು. ತಲೆಗೆ ಎಣ್ಣೆ, ಅಂಗಿಗೆ ಅತ್ತರು, ಕೆಳಗೆ ಹಳೆಯ ಪ್ಯಾಂಟು.

"ತಾರಪ್ಪ ಪ್ಯಾಂಟು. ಇನ್ನೇನು ಕಚೇರಿಗೆ ಹೋಗ್ಬೇಕು. ಇವತ್ತು ನನ್ನ ಬೀಳ್ಕೊಡುಗೆ. ಹೊಸ ಪ್ಯಾಂಟಲ್ಲೇ ವೇದಿಕೆ ಹತ್ತೋದು ಅಂತ ಮನೇಲಿ ಹೇಳಿಬಿಟ್ಟಿದೀನಿ."

"ರೆಡಿ ಸಾರ್. ನಿನ್ನೇನೇ ರೆಡಿ," ಎಂದು ಟೈಲರ್ ಮೇಜಿನತ್ತ ತಿರುಗಿದ. ಮೇಜಿನ ಮೇಲೆ ಬೂದು ಬಣ್ಣದ ಒಂದು ತುಂಡು ಬಟ್ಟೆ ಇತ್ತು. ವಾಸನೆಗೆಂದು ಬೆಳಿಗ್ಗೆ ತಾನೇ ಕತ್ತರಿಸಿ ತೆಗೆದಿಟ್ಟ ತುಂಡು. ಪ್ಯಾಂಟು ಇರಲಿಲ್ಲ.

ಅವನು ನಿಧಾನವಾಗಿ ಜಾಲರಿಯ ಕಡೆ ನೋಡಿದ. ಎಲ್ಲರೂ ನೋಡಿದರು. ಮೊಲ ಹೆಡ್ ಕ್ಲರ್ಕರ ಹೊಸ ಪ್ಯಾಂಟಿನ ಮೇಲೆ ಕೂತು ಕಣ್ಣು ಅರೆಮುಚ್ಚಿ ಮೆಲ್ಲುತ್ತಿತ್ತು. ಮೆಲ್ಲುತ್ತಿದ್ದುದು ಹಿಂಭಾಗವನ್ನು. ಸರಿಯಾಗಿ ಕುರ್ಚಿಗೆ ತಾಗುವ ಜಾಗದಲ್ಲಿ ತಟ್ಟೆಯಗಲದ ತೂತು ಬಿದ್ದಿತ್ತು.

"ಅದು... ನಂದಾ?" ಎಂದರು ಹೆಡ್ ಕ್ಲರ್ಕ್.

ಟೈಲರನ ಗಂಟಲಿನಿಂದ ಹೊರಟ ಸದ್ದಿಗೆ ಗೋಡೆಯ ಕನ್ನಡಿ ಅದುರಿತು. ಜಿಪ್ಪನ್ನು ಸರ್ರೆಂದು ಪೂರ್ತಿ ತೆಗೆದು ಒಳಗೆ ನುಗ್ಗಿದ. ಆ ಆರ್ಭಟಕ್ಕೆ ಬೆಕ್ಕು ಯಂತ್ರದ ಕೆಳಗಿನಿಂದ ಚಿಮ್ಮಿತು. ಬೀದಿಯ ಬಾಗಿಲಲ್ಲಿ ಹೆಡ್ ಕ್ಲರ್ಕ್ ನಿಂತಿದ್ದರು, ಸ್ಟೂಲಿನ ಬಳಿ ಮೇಷ್ಟ್ರು, ಕನ್ನಡಿಯ ಕೆಳಗೆ ಕ್ಷೌರದವನು. ಓಡಲು ಉಳಿದಿದ್ದುದು ತೆರೆದ ಜಿಪ್ಪೊಂದೇ.

"ಬೆಕ್ಕು ಒಳಗೆ ಹೋಯ್ತು!" ಎಂದು ಕ್ಷೌರದವನು ಕಿರುಚಿದ.

"ಮುಚ್ಚಿ, ಮುಚ್ಚಿ! ಮೊಲಾನ ಕಚ್ಕೊಂಡು ಓಡಿಬಿಡತ್ತೆ!" ಎಂದು ಮೇಷ್ಟ್ರು ಓಡಿ ಬಂದು ಜಿಪ್ಪನ್ನು ಕೆಳಗಿಂದ ಮೇಲಿನವರೆಗೆ ಎಳೆದುಬಿಟ್ಟರು. ಹೀಗೆ ಮೊಲ, ಬೆಕ್ಕು, ಟೈಲರ್ ಮೂವರೂ ಒಂದೇ ಕೋಣೆಯಲ್ಲಿ ಉಳಿದರು.

ಟೈಲರ್ ತಿರುಗಿ ಜಿಪ್ಪಿಗೆ ಕೈ ಹಾಕಿದ. ಹಾಸಿಗೆ ಚೀಲದ ಜಿಪ್ಪಿಗೆ ಹಿಡಿಕೆ ಇರುವುದು ಒಂದೇ ಕಡೆ. ಅದನ್ನು ಅಂಗಡಿಯ ಕಡೆಗೆ ಬರುವಂತೆ ಹೊಲಿದವನು ಅವನೇ. ಚೀಲದೊಳಗೆ ಕೂತು ಯಾರು ಜಿಪ್ಪು ತೆಗೆಯುತ್ತಾರೆ?

"ತೆಗೀರಿ ಮೇಷ್ಟ್ರೇ!"

"ಹೇಗೆ ತೆಗೀಲಿ? ಮೊದ್ಲು ಬೆಕ್ಕು ಹಿಡಿ."

"ತೆಗೀಬೇಡಿ!" ಎಂದು ಹೆಡ್ ಕ್ಲರ್ಕ್ ಬಂದು ಹಿಡಿಕೆಯನ್ನು ಬಿಗಿಯಾಗಿ ಹಿಡಿದರು. "ನನ್ನ ಪ್ಯಾಂಟಿಗೆ ಉತ್ತರ ಹೇಳೋವರೆಗೂ ಇವನು ಅಲ್ಲೇ ಇರ್ಲಿ."

ಪ್ಯಾಂಟಿನ ಯೋಚನೆ ಟೈಲರನಿಗೆ ಆಗ ಇರಲಿಲ್ಲ. ಕೋಣೆಯಲ್ಲಿ ಬೆಕ್ಕು ಕಾಣುತ್ತಿರಲಿಲ್ಲ. ಮೊಲವೂ ಕಾಣುತ್ತಿರಲಿಲ್ಲ. ಸದ್ದೂ ಇರಲಿಲ್ಲ. ಮೂಗಿನ ಮೇಲಿನ ಗೀರು, ಆರಿದ ಊಟ, ಮೇಷ್ಟ್ರು ಹೇಳಿದ ಆ ಒಂದೇ ಕಿವಿ ಎಲ್ಲ ಒಟ್ಟಿಗೆ ನೆನಪಾಗಿ ಕಣ್ಣು ಮಂಜಾಯಿತು. ನಿಂತು ಉಣ್ಣುವ ಬದುಕೇ ತನಗೆ ಗತಿ ಎನಿಸಿತು. ಬೇರೆಯವರು ಇಂಥ ಹೊತ್ತಿನಲ್ಲಿ ಅಳುತ್ತಾರೆ. ಅವನಿಗೆ ಅಳುವುದು ಗೊತ್ತಿರಲಿಲ್ಲ, ಗೊತ್ತಿದ್ದುದು ಒಂದೇ.

"ಎಲ್ಲಾ ನಿಮ್ಮಿಂದಲೇ ಕಣ್ರೋ!" ಎಂದು ಜಾಲರಿ ಹಿಡಿದು ಅಲ್ಲಾಡಿಸಿದ. "ಮೇಷ್ಟ್ರೇ, ನಿಮ್ಮ ನಾಲಿಗೆಗೆ ಎರಡೆರಡು ಹೊಲಿಗೆ ಹಾಕ್ತೀನಿ! ಏ ಕ್ಷೌರದವ್ನೇ, ನಿನ್ನ ಕತ್ತರಿ ಮುರಿದು ಹಾಕ್ತೀನಿ! ಸಾರ್, ನಿಮಗೆ ಪ್ಯಾಂಟ್ ತಾನೇ? ತಗೊಳ್ಳಿ, ಅಲ್ಲಿ ಗೂಟದಲ್ಲಿ ನನ್ನ ಹೊಸದು ನೇತಾಡ್ತಿದೆ, ಹಾಕ್ಕೊಂಡು ತೊಲಗಿ! ಬೆಕ್ಕೂ ಹಾಳಾಗ್ಲಿ, ಮೊಲಾನೂ ಹಾಳಾಗ್ಲಿ! ಯಾರಿಗೆ ಬೇಕು ಈ ಮದ್ವೆ!"

ಕೊನೆಯ ಮಾತು ಮುಗಿದಾಗ ಅಂಗಡಿಯಲ್ಲಿ ನಿಜವಾಗಿಯೂ ಸೂಜಿ ಬಿದ್ದರೆ ಕೇಳಿಸುವಂತಿತ್ತು. ಬಾಗಿಲಲ್ಲಿ ಕನ್ನಡಕದಂಗಡಿಯವಳು ನಿಂತಿದ್ದಳು.

ಅವಳು ಯಾರನ್ನೂ ಏನೂ ಕೇಳಲಿಲ್ಲ. ಹೆಡ್ ಕ್ಲರ್ಕರ ಕೈಯಿಂದ ಹಿಡಿಕೆ ಬಿಡಿಸಿ, ಜಿಪ್ಪು ತೆಗೆದು ಒಳಗೆ ಬಂದಳು. ಕತ್ತರಿಸುವ ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿ ಚೂರುಬಟ್ಟೆ ತುಂಬುವ ದೊಡ್ಡ ಬುಟ್ಟಿಯಿತ್ತು. ಅದನ್ನು ಮೆಲ್ಲಗೆ ಈಚೆಗೆ ಎಳೆದಳು.

ಬುಟ್ಟಿಯೊಳಗೆ ಚಿಂದಿಯ ನಡುವೆ ಬೆಕ್ಕೂ ಮೊಲವೂ ಒಂದೇ ಉಂಡೆಯಾಗಿ ಕೂತಿದ್ದವು. ಮೊಲ ಬೆಕ್ಕಿನ ಎದೆಯ ಕೆಳಗೆ ಮುಖ ತುರುಕಿತ್ತು. ಬೆಕ್ಕಿನ ಒಂದು ಮುಂಗಾಲು ಮೊಲದ ಬೆನ್ನ ಮೇಲಿತ್ತು, ಉಗುರು ಒಳಗೆ ಎಳೆದುಕೊಂಡಿತ್ತು. ಮೊಲದ ಎರಡೂ ಕಿವಿಗಳು ಇದ್ದಲ್ಲೇ ಇದ್ದವು. ಬೆಕ್ಕು ಅವುಗಳಲ್ಲಿ ಒಂದನ್ನು ನೆಕ್ಕುತ್ತಿತ್ತು.

ಟೈಲರನ ಮುಖ ಅರಳಿತು. "ನೋಡಿದ್ರಾ? ನೋಡಿದ್ರಾ? ತಿಂಗಳು ಬೇಕು ಅಂದ್ರಿ. ಒಂದೇ ದಿನಕ್ಕೆ ಹೊಂದಿಸಿಬಿಟ್ಟೆ!"

"ನೋಡ್ದೆ," ಅಂದಳು ಅವಳು. ಬುಟ್ಟಿಯನ್ನು ಎತ್ತಿಕೊಂಡು ಜಾಲರಿಯಿಂದ ಆಚೆ ಹೋದಳು. ಟೈಲರ್ ನಗುತ್ತ ಹಿಂದೆ ಬರುವಷ್ಟರಲ್ಲಿ ಸರ್ರೆಂದು ಜಿಪ್ಪು ಎಳೆದಳು. ಮೇಲೆ ಎರಡು ಬೆರಳು ತೂರುವಷ್ಟು ಸಂದಿ ಮಾತ್ರ ಬಿಟ್ಟಳು.

"ಏನ್ ಮಾಡ್ತಿದೀರಿ?"

"ಉಗುರಿರೋರು ಆಚೆ ಕಡೆ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ."

ಟೈಲರ್ ಇಲ್ಲದ ಹಿಡಿಕೆಗಾಗಿ ಜಿಪ್ಪನ್ನು ತಡಕಿದ.

"ಬೀದಿ ತುದಿಯಿಂದಾನೇ ನಿಮ್ಮ ದನಿ ಕೇಳಿಸ್ಕೊಂಡು ಬಂದೆ," ಅಂದಳು ಅವಳು, ಬೆಳಿಗ್ಗೆ ಮೊಲದ ವಿಷಯ ಹೇಳಿದಷ್ಟೇ ನಿಧಾನವಾಗಿ. ದನಿ ಮಾತ್ರ ಸ್ವಲ್ಪ ನಡುಗುತ್ತಿತ್ತು. ಸಿಟ್ಟು ಅವಳಿಗೂ ಬಂದಿತ್ತು, ಅದನ್ನು ಹಿಡಿದಿಟ್ಟುಕೊಳ್ಳುವುದು ಗೊತ್ತಿತ್ತು ಅಷ್ಟೇ. "ಇವೆರಡೂ ಬೇಗ ಹೊಂದ್ಕೊಂಡಿದ್ದು ಯಾಕೆ ಗೊತ್ತಾ? ಮನೇಲಿ ತಮಗಿಂತ ದೊಡ್ಡ ಪ್ರಾಣಿ ಒಂದಿದೆ ಅಂತ ಎರಡಕ್ಕೂ ಒಟ್ಟಿಗೇ ಗೊತ್ತಾಯ್ತು."

"ಹಾಗಾದ್ರೆ... ಮದ್ವೆ?"

"ಆಗಲ್ಲ ಅಂತ ನಾನೆಲ್ಲಿ ಹೇಳ್ದೆ? ಅವಸರ ಮಾಡಿದ್ರೆ ಕೆಟ್ಟಿತು." ಅವಳು ಮೇಜಿನ ಮೇಲಿದ್ದ ಅವನ ಹೆಗಲ ಟವೆಲನ್ನು ಮಡಚಿ ಬುಟ್ಟಿಗೆ ಹಾಕಿದಳು. ತನ್ನ ಕರ್ಚೀಫನ್ನು ಸಂದಿಯಲ್ಲಿ ಅವನ ಕೈಗೆ ಕೊಟ್ಟಳು. "ಮೊದ್ಲು ವಾಸನೆ ಪರಿಚಯ. ಆಮೇಲೆ ಜಾಲರಿಯಿಂದ ನೋಡೋದು. ವಾರಕ್ಕೊಂದ್ಸಲ ಬರ್ತೀನಿ. ಸುಮ್ನಿರಕ್ಕೆ ಬಂದ್ರೆ ಮುಂದಿನ ಮಾತು."

"ಬೆಕ್ಕು? ಅದು ನಂದು ರೀ!"

"ಮೊಲ ಅದನ್ನ ಬಿಡಲ್ಲ ಅಂತಿದೆ, ನೋಡಿ. ನಾನೂ ಅವೆರಡನ್ನೇ ಒಟ್ಟಿಗೆ ಬಿಟ್ಟು ಎಲ್ಲೂ ಹೋಗಲ್ಲ, ಕಣ್ಣಿಟ್ಟಿರ್ತೀನಿ. ನಿಮ್ಮ ಸರದಿ ಬರೋವರೆಗೂ ಅದು ನಮ್ಮನೇಲೇ ಇರತ್ತೆ."

ಬುಟ್ಟಿ ಭಾರವಿತ್ತು. ಇನ್ನೊಂದು ಹಿಡಿಯನ್ನು ಹಿಡಿದು ಜೊತೆಗೆ ಹೊರಟವಳು ಸ್ವಂತ ಅಕ್ಕ. "ಡಬ್ಬಿ ತೊಳೆದಿಡೋ," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಹೆಡ್ ಕ್ಲರ್ಕ್ ಪರದೆಯ ಹಿಂದಿನಿಂದ ಟೈಲರನ ಹೊಸ ಪ್ಯಾಂಟು ಹಾಕಿಕೊಂಡು ಬಂದರು. ಅವಳ ಜೊತೆ ಮಾತಿಗೆ ಕೂರುವ ದಿನಕ್ಕೆಂದು ಅವನು ತನಗಾಗಿ ಹೊಲಿದುಕೊಂಡದ್ದು ಅದು.

"ನಂದಕ್ಕಿಂತ ಚೆನ್ನಾಗಿ ಹೊಲ್ದಿದೀಯಲ್ಲಯ್ಯಾ," ಎಂದು ಅಸಮಾಧಾನದಿಂದಲೇ ಹೊಗಳಿ ಅವರು ಬೀಳ್ಕೊಡುಗೆಗೆ ನಡೆದರು.

ಟೈಲರನ ಎದೆಯಲ್ಲಿ ಇಡೀ ದಿನದ ಸಿಟ್ಟು ಒಟ್ಟಾಗಿ ಮೇಲೆದ್ದಿತು. ಕಿವಿ ಕೆಂಪಾಯಿತು, ಕೊರಳ ನರ ಉಬ್ಬಿತು, ಬಾಯಿ ದೊಡ್ಡದಾಗಿ ತೆರೆಯಿತು. ಮೇಷ್ಟ್ರು ಲೋಟ ಕೆಳಗಿಟ್ಟು ಕಿವಿ ಮುಚ್ಚಿಕೊಂಡರು. ಕ್ಷೌರದವನು ಕನ್ನಡಿಯನ್ನು ಹಿಡಿದುಕೊಂಡ. ಆಗ ಟೈಲರ್ ಜಾಲರಿಯಿಂದಲೇ ಬೀದಿಯ ಕಡೆ ನೋಡಿದ. ಬುಟ್ಟಿ ಹಿಡಿದ ಇಬ್ಬರು ಹೆಂಗಸರು ಇನ್ನೂ ಬೀದಿಯ ತುದಿ ತಲುಪಿರಲಿಲ್ಲ.

ಅವನು ಬಾಯಿ ಮುಚ್ಚಿದ. ಕರ್ಚೀಫನ್ನು ಮುಷ್ಟಿಯಲ್ಲಿ ಹಿಸುಕುತ್ತ, ಗೀರು ಬಿದ್ದ ಮೂಗಿನಿಂದ ಬುಸುಗುಟ್ಟುತ್ತ ಸುಮ್ಮನೆ ನಿಂತ.

ಮೇಷ್ಟ್ರು ಕಿವಿಯಿಂದ ಕೈ ತೆಗೆದು ಬೆರಗಿನಿಂದ ನೋಡಿದರು. "ಸುಮ್ನಿದಾನೆ ಕಣೋ!" ಎಂದು ಕ್ಷೌರದವನಿಗೆ ಪಿಸುಗುಟ್ಟಿದರು. "ಆಗಿಂದಾಗ್ಲೇ ಕೊಡ್ಬೇಕಂತೆ." ಜೇಬಿನಿಂದ ಬಿಸ್ಕತ್ತು ತೆಗೆದು, ಅರ್ಧ ಮುರಿದು, ಬೆರಳಿಗೆ ಉಗುರು ತಾಗದ ಹಾಗೆ ಹುಷಾರಾಗಿ ಸಂದಿಯಲ್ಲಿ ಒಳಗೆ ಚಾಚಿದರು.

ಟೈಲರ್ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಜಿಪ್ಪಿನ ಹಿಡಿಕೆ ಅವರ ಕಡೆಗಿತ್ತು. ಅವನು ಬಿಸ್ಕತ್ತು ತೆಗೆದುಕೊಂಡು, ನಿಂತೇ, ಸದ್ದಿಲ್ಲದೆ ತಿಂದ.